ಚೌಕಾಬಾರವನ್ನು ಮೊಬೈಲಿಗೆ ತರುವವರಿಗೆ

ಉಮರ್ಗಾ, ನಿಲಂಗಾ, ಉದಗೀರಗಳ ಸುತ್ತಣ ಸೀಮೆಯಲ್ಲಿ, ಸಾಸ್ತೂರದಂತಹ ಗ್ರಾಮಗಳಲ್ಲಿ, ನೆಲದ ಮೇಲೆ ಸೀಮೆಸುಣ್ಣದಿಂದ ಇಪ್ಪತ್ತೈದು ಮನೆಗಳನ್ನು ಬರೆದು, ನಾಲ್ಕು ಕವಡೆಗಳನ್ನೋ ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿದ ಹುಣಸೆಬೀಜಗಳನ್ನೋ ಅಂಗೈಯಲ್ಲಿ ಕುಲುಕಿ ಚೆಲ್ಲಿ ಆಡುವ ಆಟಕ್ಕೆ ಕನ್ನಡದ ಮನೆಗಳಲ್ಲಿ ಚೌಕಾಬಾರವೆಂದೂ ಕಟ್ಟೆಮನೆಯೆಂದೂ, ಮರಾಠಿಯ ಮನೆಗಳಲ್ಲಿ ಚಲ್ಲಸ್ ಆಠವೆಂದೂ, ತೆಲುಗರಲ್ಲಿ ಅಷ್ಟಾಚಮ್ಮಾ ಎಂದೂ ಹೆಸರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅದುವರೆಗೆ ಹೈದರಾಬಾದು ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದ ನಿಲಂಗಾ, ಉದಗೀರ, ಅಹಮದಪುರ ತಾಲ್ಲೂಕುಗಳು ಉಸ್ಮಾನಾಬಾದ ಜಿಲ್ಲೆಯೊಳಗೆ ಸೇರಿ ಮುಂಬಯಿ ರಾಜ್ಯಕ್ಕೂ, ಬೀದರ, ಭಾಲ್ಕಿಗಳು ಮೈಸೂರು ರಾಜ್ಯಕ್ಕೂ, ಜಹೀರಾಬಾದು ಆಂಧ್ರಪ್ರದೇಶಕ್ಕೂ ಸಂದುವು. ಒಂದೇ ಜಿಲ್ಲೆಯ ಬಾಂಧವ್ಯಗಳು ಹೀಗೆ ಮೂರು ರಾಜ್ಯಗಳಲ್ಲಿ ಹಂಚಿಹೋದರೂ ಆಟದ ಪಟವು ಬಹುಮಟ್ಟಿಗೆ ಐದು ಮನೆಗಳ ಉದ್ದ, ಐದು ಮನೆಗಳ ಅಗಲವಾಗಿಯೇ ಉಳಿಯಿತು. ಬದಲಾದದ್ದು, ಮನೆಯಿಂದ ಮನೆಗೆ ಹಿಂದಿನಿಂದಲೂ ಬದಲಾಗುತ್ತಲೇ ಇದ್ದದ್ದು, ಅದರ ನಿಯಮಾವಳಿ.

ಈ ಸೀಮೆಯ ತರುಣರು ಇಂದು ಪುಣೆ, ಹೈದರಾಬಾದು, ಬೆಂಗಳೂರುಗಳಲ್ಲಿ ನೌಕರಿಯಲ್ಲಿದ್ದಾರೆ; ಅವರ ಕೈಯಲ್ಲಿರುವುದು ಮೊಬೈಲು. ಪಗಡೆಯ ವಂಶದಿಂದ ಹುಟ್ಟಿ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದ ಲೂಡೋ, 2016ರಲ್ಲಿ ನವಿ ಮುಂಬಯಿಯ ಗೇಮೇಶನ್ ಸಂಸ್ಥೆಯ ಲೂಡೋ ಕಿಂಗ್ ಎಂಬ ಆ್ಯಪ್ ಆಗಿ ಹೊರಬಂದು, 2020ರ ಲಾಕ್‌ಡೌನ್ ಕಾಲದಲ್ಲಿ ದೇಶದ ಮನೆಮನೆಯನ್ನೂ ಹೊಕ್ಕಿತು. ಪರದೇಶಕ್ಕೆ ಹೋಗಿ ವೇಷ ಬದಲಿಸಿ ಬಂದ ಆಟಕ್ಕೆ ದೊರೆತ ಈ ಆದರವು, ಊರು ಬಿಡದೆ ಉಳಿದ ಚೌಕಾಬಾರಕ್ಕೆ ದೊರೆಯಬಾರದೆಂಬುದಕ್ಕೆ ಕಾರಣವಿಲ್ಲ. ಕಂಪ್ಯೂಟರ್ ವಿದ್ಯೆಯಲ್ಲಿ ಸ್ವಲ್ಪ ಪರಿಶ್ರಮವುಳ್ಳ ಒಬ್ಬರು ಅಥವಾ ಇಬ್ಬರು ಮನಸ್ಸು ಮಾಡಿದರೆ ಸಾಧ್ಯವಾಗತಕ್ಕ ಕಾರ್ಯವಿದು. ಅಂಥವರಿಗೆ ನಾನು ಮೊದಲು ಹೇಳಬೇಕಾದದ್ದು ಇಷ್ಟು: ಇಂತಹ ಆ್ಯಪ್‌ನ ಪ್ರಾಣವಿರುವುದು ಚಿತ್ರದ ಸೊಬಗಿನಲ್ಲಿ ಎಂದು ಭಾವಿಸಿ ಅನೇಕರು ತಿಂಗಳುಗಟ್ಟಲೆ ಬಣ್ಣ ಬಳಿಯುತ್ತ ಕೂರುತ್ತಾರೆ, ವಾಸ್ತವವಾಗಿ ಅದರ ಪ್ರಾಣವು ನಿಯಮಗಳನ್ನು ನಿಷ್ಠೆಯಿಂದ ಸಂಗ್ರಹಿಸುವುದರಲ್ಲಿಯೂ, ಪ್ರಕಟಿಸಿದ ಮೇಲೆ ವರ್ಷವರ್ಷವೂ ಅದನ್ನು ಪೋಷಿಸುವುದರಲ್ಲಿಯೂ ಇದೆ.

ಮೊದಲು ನಿಯಮಗಳ ವಿಚಾರ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಸುತ್ತಣ ಭೂಮಿ ನಡುಗಿದಾಗ ಸಾಸ್ತೂರವೂ ಸೇರಿದಂತೆ ಈ ಭಾಗದ ಎಷ್ಟೋ ಗ್ರಾಮಗಳ ಕಲ್ಲುಮಣ್ಣಿನ ಮನೆಗಳು ಕುಸಿದು ಸಾವಿರಾರು ಜನ ಮಡಿದರು. ಪಡಸಾಲೆಯ ಹಾಸುಗಲ್ಲಿನ ಮೇಲೆ ಹಿರಿಯರು ಗೀರಿಟ್ಟ ಪಟವೇನಾದರೂ ಇದ್ದಿದ್ದರೆ ಅದೂ ಮನೆಯೊಡನೆಯೇ ಹೋಯಿತು. ಆದಕಾರಣ ಇಲ್ಲಿ ಆಟದ ಆಧಾರವೆಂದರೆ ಬದುಕಿರುವವರ ಸ್ಮೃತಿಯೊಂದೇ. ಆ್ಯಪ್ ಮಾಡಹೊರಟವನು ಕೋಡಿನ ಒಂದು ಸಾಲನ್ನು ಬರೆಯುವ ಮುನ್ನ ಅಜ್ಜಿಯರ, ಅತ್ತೆಯರ, ಕಾಕಾಂದಿರ ಮುಂದೆ ಪಟ ಹಾಸಿ ಆಡಿಸಿ ನೋಡತಕ್ಕದ್ದು. ನಿಯಮವೇನೆಂದು ಬಾಯಿಮಾತಿನಲ್ಲಿ ಕೇಳಿದರೆ ಎಲ್ಲರೂ ಸಾಮಾನ್ಯವಾದ ನಾಲ್ಕು ಮಾತುಗಳನ್ನೇ ಹೇಳಿ ಮುಗಿಸುತ್ತಾರೆ. ಆಟದ ನಡುವೆ ಜಗಳ ಹುಟ್ಟಿದಾಗಲೇ ನಿಜವಾದ ನಿಯಮಗಳು ಹೊರಬೀಳುತ್ತವೆ.

ಎಲ್ಲರಿಗೂ ಸಮಾನವಾದ ಅಂಶಗಳು ಹೀಗಿವೆ. ನಾಲ್ಕು ದಿಕ್ಕಿನ ಅಂಚಿನ ನಡುಮನೆಗಳು ಕಟ್ಟೆಗಳು. ಅಲ್ಲಿ ಕಾಯಿಯನ್ನು ಕಡಿಯುವಂತಿಲ್ಲ. ಪ್ರತಿಯೊಬ್ಬರಿಗೂ ನಾಲ್ಕು ಕಾಯಿ. ಹೊರಸುತ್ತಿನಲ್ಲಿ ಹದಿನಾರು ಮನೆ, ಒಳಸುತ್ತಿನಲ್ಲಿ ಎಂಟು, ಮಧ್ಯದಲ್ಲಿ ಒಂದು. ತನ್ನ ಕಟ್ಟೆಯಿಂದ ಹೊರಟ ಕಾಯಿ ಹೊರಸುತ್ತನ್ನು ಒಂದು ದಿಕ್ಕಿನಲ್ಲಿ ಬಳಸಿ, ಒಳಸುತ್ತನ್ನು ಅದಕ್ಕೆ ಎದುರು ದಿಕ್ಕಿನಲ್ಲಿ ಬಳಸಿ, ಒಟ್ಟು 24 ಹೆಜ್ಜೆ ನಡೆದು ಪಟದ ಮಧ್ಯದ ಮನೆಯಲ್ಲಿ ಹಣ್ಣಾಗುತ್ತದೆ. ಇನ್ನು ಭೇದಗಳು: ಕಾಯಿಯನ್ನು ಹೂಡುವುದಕ್ಕೆ ಮುಂದೆ ವಿವರಿಸುವ ಚೌಕ, ಬಾರಗಳೆಂಬ ವಿಶೇಷ ಗರ ಬೇಕೇ ಬೇಡವೇ, ಎದುರಾಳಿಯ ಕಾಯಿಯೊಂದನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವುಂಟೇ ಇಲ್ಲವೇ, ಕಡಿದವನಿಗೆ ಮತ್ತೊಂದು ಗರ ಸಲ್ಲುವುದೇ, ವಿಶೇಷ ಗರ ಮೂರು ಬಾರಿ ಒಂದೇ ಸಮನೆ ಬಿದ್ದರೆ ಅದು ವ್ಯರ್ಥವೇ, ಕಟ್ಟೆಯಲ್ಲದ ಮನೆಯಲ್ಲಿ ಸ್ವಂತದ ಎರಡು ಕಾಯಿ ಕೂಡಿ ನಿಲ್ಲಬಹುದೇ. ಈ ಐದು ಪ್ರಶ್ನೆಗಳಿಗೆ ಹೌದು, ಅಲ್ಲ ಎಂಬ ಎರಡೆರಡು ಉತ್ತರಗಳಿರುವುದರಿಂದ, ಒಂದೇ ಪಟದ ಮೇಲೆ 32 ಬೇರೆ ಬೇರೆ ಆಟಗಳು ಸಾಧ್ಯ. ಇವುಗಳಲ್ಲಿ ಒಂದನ್ನು ತಾನೇ ಶುದ್ಧವೆಂದು ನಿರ್ಣಯಿಸಿ ಉಳಿದವರ ಮೇಲೆ ಹೇರುವ ಅಧಿಕಾರ ಆ್ಯಪ್ ಮಾಡುವವನಿಗಿಲ್ಲ. ಆಟ ಆರಂಭವಾಗುವಾಗ ಈ ಐದನ್ನೂ ಆಡುವವರೇ ಆರಿಸಿಕೊಳ್ಳುವಂತೆ ಇಟ್ಟು, ಒಂದು ಮನೆತನದ ಆಯ್ಕೆಯನ್ನು ಅದೇ ಹೆಸರಿನಿಂದ ಉಳಿಸಿಕೊಳ್ಳುವ ಅನುಕೂಲವನ್ನು ಕಲ್ಪಿಸುವುದು ಲೇಸು. ಉದಗೀರದ ಸೊಸೆಗೂ ಭಾಲ್ಕಿಯ ಅತ್ತೆಗೂ ನಡುವೆ ಬರುವ ವಾದ ಆಗ ಆಟದ ಮೊದಲೇ ತೀರುತ್ತದೆ.

ಎರಡನೆಯದು ಗರ. ಈ ವಿಷಯದಲ್ಲಿ ಹೊಸಬರು ಮಾಡುವ ಪ್ರಮಾದ ಬಲು ಸಾಮಾನ್ಯವಾದದ್ದಾದ್ದರಿಂದ ಇದನ್ನು ಸ್ವಲ್ಪ ವಿಸ್ತರಿಸಿಯೇ ಹೇಳುತ್ತೇನೆ. ನಾಲ್ಕು ಕವಡೆಗಳಲ್ಲಿ ಬಾಯಿ ಮೇಲಾಗಿ ಬಿದ್ದವು ಒಂದಾದರೆ ಒಂದು, ಎರಡಾದರೆ ಎರಡು, ಮೂರಾದರೆ ಮೂರು, ನಾಲ್ಕೂ ಆದರೆ ಚೌಕ, ಅಂದರೆ ನಾಲ್ಕು; ಎಲ್ಲವೂ ಬೋರಲಾಗಿ ಬಿದ್ದರೆ ಬಾರ, ಅಂದರೆ ಎಂಟು. ಫಲಗಳು ಐದು ಇವೆಯೆಂದು ಎಣಿಸಿ, ಐದರಲ್ಲಿ ಯಾವುದಾದರೊಂದನ್ನು ಸಮಾನ ಸಂಭವದಿಂದ ಆರಿಸು ಎಂದು ಯಂತ್ರಕ್ಕೆ ಆಜ್ಞಾಪಿಸಿದರೆ ಆಟವೇ ಕೆಟ್ಟಿತು. ಒಂದೊಂದು ಕವಡೆಯೂ ಮೇಲಾಗುವ, ಬೋರಲಾಗುವ ಸಂಭವ ಸಮವೆಂದು ಹಿಡಿದರೂ ಹದಿನಾರು ರೀತಿಯ ಬೀಳುವಿಕೆಗಳಲ್ಲಿ ಒಂದು ಎಂಬ ಗರಕ್ಕೆ ನಾಲ್ಕು, ಎರಡಕ್ಕೆ ಆರು, ಮೂರಕ್ಕೆ ನಾಲ್ಕು, ಚೌಕಕ್ಕೆ ಒಂದು, ಬಾರಕ್ಕೆ ಒಂದು ಎಂದು ಪಾಲಾಗುತ್ತದೆ. ಹೀಗೆ ಸರಾಸರಿ ಗರ 2.5. ಐದರಲ್ಲೊಂದನ್ನು ಸಮವಾಗಿ ಆರಿಸಿದರೆ ಸರಾಸರಿ 3.6ಕ್ಕೆ ಏರುತ್ತದೆ, ಮರುಗರ ಕೊಡುವ ಚೌಕ, ಬಾರಗಳು ಎಂಟು ಬಾರಿಗೊಮ್ಮೆ ಬೀಳಬೇಕಾದವು ಐದು ಬಾರಿಯಲ್ಲಿ ಎರಡು ಸಲ ಬೀಳುತ್ತವೆ, ಅವು ಒಂದರ ಮೇಲೊಂದು ಮೂರು ಸಲ ಬೀಳುವುದು 512ರಲ್ಲಿ ಒಂದು ಬಾರಿ ನಡೆಯಬೇಕಾದ ಅಪೂರ್ವ ಘಟನೆಯಾಗಿರುವ ಬದಲು 125ರಲ್ಲಿ ಎಂಟು ಬಾರಿ ನಡೆಯುವ ದಿನಚರಿಯಾಗುತ್ತದೆ. ಬಾರ ಬಿದ್ದಾಗ ಮಂದಿ ಎದ್ದು ಕೂಗುವುದು ಅದು ವಿರಳವಾದ್ದರಿಂದ. ಆ ವಿರಳತೆಯನ್ನು ಕಳೆದ ಮೇಲೆ ಉಳಿಯುವುದು ಬರಿಯ ಎಣಿಕೆ.

ಅಲ್ಲದೆ ಕವಡೆಯು ನಾಣ್ಯವಲ್ಲ. ಅದರ ಬೆನ್ನು ಉಬ್ಬಿ ಹೊಟ್ಟೆ ಚಪ್ಪಟೆಯಾಗಿರುವುದರಿಂದ ಎರಡು ಮಗ್ಗುಲಿಗೂ ಸಂಭವ ಸಮನಾಗಿರಬೇಕೆಂಬ ನಿರ್ಬಂಧವಿಲ್ಲ. ದೃಷ್ಟಾಂತಕ್ಕಾಗಿ, ನೂರರಲ್ಲಿ ನಲವತ್ತು ಬಾರಿ ಮಾತ್ರ ಕವಡೆಯ ಬಾಯಿ ಮೇಲಾಗುತ್ತದೆಂದು ಭಾವಿಸಿದರೆ, ಸಾವಿರ ಗರಗಳಲ್ಲಿ ಚೌಕವು ಸುಮಾರು 26 ಸಲವೂ ಬಾರವು ಸುಮಾರು 130 ಸಲವೂ ಬೀಳುತ್ತದೆ, ಅಂದರೆ ಒಂದಕ್ಕಿಂತ ಇನ್ನೊಂದು ಐದು ಪಾಲು ಅಧಿಕ. ಆದ್ದರಿಂದ ಮನೆಯಲ್ಲಿರುವ ಕವಡೆಗಳನ್ನೇ ತೆಗೆದುಕೊಂಡು, ಆಡುವ ನೆಲದ ಮೇಲೆಯೇ, ಇನ್ನೂರೈವತ್ತು ಸಲ ಚೆಲ್ಲಿ, ಸಾವಿರ ಬೀಳುವಿಕೆಗಳ ಲೆಕ್ಕ ಬರೆದು, ಆ ಪ್ರಮಾಣವನ್ನು ಆ್ಯಪ್‌ನೊಳಗೆ ಇಡಬೇಕು. ಉಜ್ಜಿದ ಹುಣಸೆಬೀಜಕ್ಕೆ ಇದೇ ಪ್ರಕಾರ ಬೇರೆಯ ಲೆಕ್ಕ. ಒಂದು ಸಂಜೆಯಲ್ಲಿ ಮುಗಿಯುವ ಈ ಶ್ರಮದಿಂದ ಆಟಕ್ಕೆ ಬರುವ ಸಹಜತೆ ಯಾವ ಚಿತ್ರಾಲಂಕಾರದಿಂದಲೂ ಬಾರದು.

ಇನ್ನು ರಚನೆ. ನಿಯಮಗಳನ್ನು ಬಲ್ಲ ಭಾಗವನ್ನೂ ಪಟವನ್ನು ತೋರಿಸುವ ಭಾಗವನ್ನೂ ಕೋಡಿನಲ್ಲಿ ಮೊದಲ ದಿನದಿಂದಲೇ ಪ್ರತ್ಯೇಕವಾಗಿಡಬೇಕು. ನಿಯಮಭಾಗಕ್ಕೆ ಪರದೆಯ ಅರಿವಿರಬಾರದು. ಪಟದ ಸ್ಥಿತಿ, ಬಿದ್ದ ಗರ, ನಡೆಸಿದ ಕಾಯಿ ಇವನ್ನು ಕೊಟ್ಟರೆ ಮುಂದಿನ ಸ್ಥಿತಿಯನ್ನು ಹಿಂದಿರುಗಿಸುವುದಷ್ಟೇ ಅದರ ಕರ್ತವ್ಯ. ಹೀಗೆ ಮಾಡಿದರೆ ಯಂತ್ರವು ತನ್ನೊಡನೆ ತಾನೇ ಚಿತ್ರವಿಲ್ಲದೆ ಸಾವಿರಾರು ಆಟಗಳನ್ನಾಡಿ ದೋಷಗಳನ್ನು ಎತ್ತಿ ತೋರಿಸಬಲ್ಲದು. ಉದಾಹರಣೆಗೆ, ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ, ಸ್ವಂತ ಕಾಯಿಗಳು ಕೂಡಿ ನಿಲ್ಲಬಹುದು, ಹೊರಸುತ್ತಿನ ಕೊನೆಯ ಮನೆಯಲ್ಲಿ ಕಾಯಿ ಕಾಯುತ್ತಿರಬೇಕು ಎಂಬ ಮೂರು ನಿಯಮಗಳು ಒಟ್ಟಿಗೆ ಬಂದವೆನ್ನಿ. ಇಬ್ಬರೂ ಯಾರನ್ನೂ ಕಡಿಯದೆ ತಮ್ಮ ನಾಲ್ಕು ನಾಲ್ಕು ಕಾಯಿಗಳನ್ನು ಆ ಕೊನೆಯ ಮನೆಗೆ ತಂದು ನಿಲ್ಲಿಸಿದರೆ ಅಲ್ಲಿಂದ ಮುಂದೆ ಯಾರಿಗೂ ನಡೆಯಿಲ್ಲ. ಆಟ ಎಂದೆಂದಿಗೂ ಮುಗಿಯದು. ಪಡಸಾಲೆಯಲ್ಲಿ ಇಂತಹ ಪ್ರಸಂಗವೊದಗಿದರೆ ಹಿರಿಯರೊಬ್ಬರು ತೀರ್ಪು ಕೊಟ್ಟು ಬಿಡಿಸುತ್ತಾರೆ. ಯಂತ್ರಕ್ಕೆ ಆ ವಿವೇಕವಿಲ್ಲವಾದ್ದರಿಂದ, ಕಾಯದೆ ಹೊರಸುತ್ತನ್ನು ಮತ್ತೊಮ್ಮೆ ಬಳಸಬೇಕೆಂದೋ, ಆಟ ಸಮವೆಂದೋ ಮೊದಲೇ ವಿಧಿಸಿರಬೇಕು. ಇಂತಹ ಸ್ಥಿತಿಗಳನ್ನು 32 ಬಗೆಗಳಲ್ಲಿಯೂ ಕೈಯಾರೆ ಆಡಿ ಕಂಡುಹಿಡಿಯುವುದು ಮನುಷ್ಯನಿಂದಾಗದು. ಯಂತ್ರಕ್ಕೆ ಅದು ಅಲ್ಪಕಾಲದ ಕೆಲಸ.

ಯಾವ ಸಲಕರಣೆಯಿಂದ ಕಟ್ಟಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಲಿಪಿಯ ಕಡೆಯಿಂದ ಬರುತ್ತದೆ. ಈ ಸೀಮೆಯ ಆ್ಯಪ್ ಕನ್ನಡ, ಮರಾಠಿ, ತೆಲುಗು ಮೂರರಲ್ಲಿಯೂ ಮಾತಾಡಬೇಕು. ನಮ್ಮ ಲಿಪಿಗಳಲ್ಲಿ ಒತ್ತಕ್ಷರವೂ ಸ್ವರಚಿಹ್ನೆಯೂ ವ್ಯಂಜನದ ಸುತ್ತ ತಮ್ಮ ಸ್ಥಾನಗಳನ್ನು ಹುಡುಕಿಕೊಂಡು ಕೂಡಬೇಕಾದದ್ದರಿಂದ, ಅಕ್ಷರಗಳನ್ನು ಸಾಲಾಗಿ ಜೋಡಿಸಲು ಮಾತ್ರ ಬಲ್ಲ ಸಲಕರಣೆಯಲ್ಲಿ ಕಟ್ಟೆ ಎಂಬ ಮಾತು ಒತ್ತು ಬೇರೆ, ಅಕ್ಷರ ಬೇರೆಯಾಗಿ ಒಡೆದು ಕಾಣುತ್ತದೆ. ಉಚಿತವಾಗಿ ದೊರೆಯುವ ಗೋಡೋ ಎಂಜಿನ್ 2023ರ ಮಾರ್ಚಿನಲ್ಲಿ ಬಂದ ತನ್ನ ನಾಲ್ಕನೆಯ ಆವೃತ್ತಿಯಿಂದ ಇಂತಹ ಲಿಪಿಗಳನ್ನು ಸರಿಯಾಗಿ ಕೂಡಿಸುತ್ತದೆ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಈ ಸೌಕರ್ಯವಿರಲಿಲ್ಲ. ಗೂಗಲ್ಲಿನ ಫ್ಲಟರ್ ಕೂಡ ಒಪ್ಪುವಂಥದೇ. ಯಾವುದನ್ನೇ ಆರಿಸುವ ಮುನ್ನ ಕ್ಷ್ಮ, ರ್ಥ್ಯ, ಸ್ತ್ರೀ ಮೊದಲಾದ ಜಟಿಲ ಸಂಯುಕ್ತಾಕ್ಷರಗಳುಳ್ಳ ಒಂದು ಸಾಲನ್ನು ಅದರಲ್ಲಿ ಬರೆಸಿ, ಅಗ್ಗದ ಹಳೆಯ ಮೊಬೈಲೊಂದರ ಮೇಲೆ ಕಣ್ಣಾರೆ ನೋಡಬೇಕು. ಮಾತುಗಳನ್ನು ಚಿತ್ರಗಳೊಳಗೆ ಬರೆದುಬಿಡಬಾರದು. ಪ್ರತಿ ಭಾಷೆಗೂ ಬೇರೆ ಕಡತವಿಟ್ಟು ಅಲ್ಲಿಂದ ತರಬೇಕು. ನೋಟೋ ಸಾನ್ಸ್ ಕನ್ನಡದಂತಹ ಮುಕ್ತ ಪರವಾನಗಿಯ ಫಾಂಟನ್ನು ಆ್ಯಪ್‌ನೊಳಗೇ ಸೇರಿಸಿದರೆ ಮೊಬೈಲಿನ ಫಾಂಟನ್ನು ನೆಚ್ಚಬೇಕಾಗಿಲ್ಲ.

ದೂರದ ಬಂಧುಗಳು ಆಡಬೇಕಾದರೆ ಇಬ್ಬರೂ ಏಕಕಾಲಕ್ಕೆ ಮೊಬೈಲು ಹಿಡಿದಿರಬೇಕೆಂಬ ನಿಯಮ ಹಳ್ಳಿಯ ಸಿಗ್ನಲ್ಲಿಗೆ ಒಗ್ಗದು. ಹಿಂದೆ ಅಂಚೆಯ ಮೂಲಕ ಚದುರಂಗವಾಡುತ್ತಿದ್ದವರಂತೆ, ಒಬ್ಬರು ಬೆಳಗ್ಗೆ ನಡೆಸಿದ ಕಾಯಿಗೆ ಇನ್ನೊಬ್ಬರು ಸಂಜೆ ಉತ್ತರಿಸುವ ಏರ್ಪಾಡೇ ಯುಕ್ತ. ಐದು ಗರಗಳು, ನಾಲ್ಕು ಕಾಯಿಗಳು, ಒಟ್ಟು ಇಪ್ಪತ್ತು ಸಾಧ್ಯತೆಗಳನ್ನು ಒಂದೇ ಬೈಟಿನಲ್ಲಿ ಬರೆಯಬಹುದಾದ್ದರಿಂದ, ಮುನ್ನೂರು ಗರಗಳ ದೀರ್ಘವಾದ ಆಟವೊಂದು ಮುನ್ನೂರು ಬೈಟುಗಳಲ್ಲಿ ಅಡಕವಾಗುತ್ತದೆ. ಎಂತಹ ದುರ್ಬಲ ಸಂಪರ್ಕದಲ್ಲಿಯೂ ಅದು ಹೋಗಿ ಮುಟ್ಟುತ್ತದೆ. ಪಟದ ಚಿತ್ರವನ್ನು ಕಳುಹಿಸದೆ ನಡೆಗಳ ಈ ಸರಣಿಯನ್ನೇ ಕಳುಹಿಸಿ, ಉಳಿಸಿ, ಅದರಿಂದ ಪಟವನ್ನು ಮರಳಿ ಕಟ್ಟಿಕೊಳ್ಳಬೇಕು. ದೂರದಾಟದಲ್ಲಿ ಗರವು ಆಡುವವನ ಮೊಬೈಲಿನಲ್ಲಿ ಹುಟ್ಟದೆ ಸರ್ವರಿನಲ್ಲಿ ಹುಟ್ಟಲಿ. ಆಟ ಮುಗಿದ ಮೇಲೆ ಯಾರಿಗೆ ಎಷ್ಟು ಬಾರ, ಎಷ್ಟು ಚೌಕ ಬಿದ್ದವೆಂಬ ಲೆಕ್ಕ ಇಬ್ಬರಿಗೂ ಕಾಣಲಿ. ಸೋತವನು ಯಂತ್ರವೇ ಪಕ್ಷಪಾತ ಮಾಡಿತೆಂದು ಶಂಕಿಸುವುದು ಸಹಜವಾದ್ದರಿಂದ ಲೆಕ್ಕವನ್ನು ತೆರೆದಿಡುವುದೇ ಉತ್ತರ. ಎದುರುಬದುರು ಕೂತು ಒಂದೇ ಮೊಬೈಲಿನಲ್ಲಿ ಆಡುವವರಿಗಂತೂ ಇಂಟರ್‌ನೆಟ್ಟಿನ ಹಂಗೇ ಇರಕೂಡದು.

ಪ್ರಕಟಣೆಯ ವ್ಯವಹಾರ ದೀರ್ಘವಾದುದಲ್ಲ. ಗೂಗಲ್ ಪ್ಲೇಯಲ್ಲಿ ಒಮ್ಮೆ 25 ಡಾಲರು ಕಟ್ಟಿದರೆ ಸಾಕು. ಆ್ಯಪಲ್‌ನಲ್ಲಿ ವರ್ಷಕ್ಕೆ 99 ಡಾಲರು. 2023ರ ನವೆಂಬರ್ 13ರ ಅನಂತರ ಗೂಗಲ್ಲಿನಲ್ಲಿ ವೈಯಕ್ತಿಕ ಖಾತೆ ತೆರೆದವರು ಸಾರ್ವಜನಿಕವಾಗಿ ಪ್ರಕಟಿಸುವ ಮುನ್ನ ಕನಿಷ್ಠ 12 ಮಂದಿ ಪರೀಕ್ಷಕರಿಂದ ಸತತ 14 ದಿನ ಆ್ಯಪ್ ಅನ್ನು ಪರೀಕ್ಷೆಗೊಳಪಡಿಸಬೇಕು. ಇದನ್ನು ಒಂದು ವಿಘ್ನವೆಂದು ಎಣಿಸಿ ಗೊತ್ತುಗುರಿಯಿಲ್ಲದ ಹನ್ನೆರಡು ಹೆಸರುಗಳನ್ನು ತುಂಬುವವರುಂಟು. ಮೂರು ಭಾಷೆಗಳ ಮನೆಗಳಿಂದ ನಾಲ್ಕು ನಾಲ್ಕು ಮಂದಿಯನ್ನು, ಅವರಲ್ಲಿಯೂ ಕಣ್ಣು ಮಂಜಾದ ಹಿರಿಯರನ್ನು ಇಬ್ಬರನ್ನಾದರೂ ಸೇರಿಸಿಕೊಂಡರೆ, ಹದಿನಾಲ್ಕು ದಿನಗಳಲ್ಲಿ ಅಕ್ಷರ ಸಣ್ಣದಾಯಿತೆಂಬ ಆಕ್ಷೇಪದಿಂದ ಹಿಡಿದು ನಿಯಮ ತಪ್ಪಿತೆಂಬ ಆಕ್ಷೇಪದವರೆಗೆ ಬೇಕಾದುದೆಲ್ಲವೂ ಕೈಗೆ ಬರುತ್ತದೆ.

ಇಲ್ಲಿಂದ ಮುಂದಿನದು ಪೋಷಣೆ. ಮರದ ಪಟವನ್ನು ಅಟ್ಟದ ಮೇಲಿಟ್ಟು ಇಪ್ಪತ್ತು ವರ್ಷಗಳ ಮೇಲೆ ಇಳಿಸಿ ಆಡಬಹುದು. ಆ್ಯಪ್‌ಗೆ ಆ ಸೌಭಾಗ್ಯವಿಲ್ಲ. 2017ರ ಸೆಪ್ಟೆಂಬರಿನಲ್ಲಿ ಆ್ಯಪಲ್ ತನ್ನ ಐಒಎಸ್ 11ರಿಂದ 32 ಬಿಟ್ ಆ್ಯಪ್‌ಗಳನ್ನು ಕೈಬಿಟ್ಟಾಗ, ಹೊಸದಾಗಿ ಕಟ್ಟದೆ ಬಿಟ್ಟಿದ್ದ ಎಷ್ಟೋ ಒಳ್ಳೆಯ ಪಟದಾಟಗಳು ಆ ಆವೃತ್ತಿಗೆ ಏರಿದ ಮೊಬೈಲುಗಳಲ್ಲಿ ಮೂಕವಾದವು. ಗೂಗಲ್ ಪ್ಲೇ 2019ರ ಆಗಸ್ಟಿನಿಂದ 64 ಬಿಟ್ ಆವೃತ್ತಿಯನ್ನು ಕಡ್ಡಾಯಗೊಳಿಸಿತು. ಈಗ ವರ್ಷವರ್ಷವೂ ಆಗಸ್ಟ್ 31ರ ಸುಮಾರಿಗೆ ಆ್ಯಪ್ ಯಾವ ಆಂಡ್ರಾಯ್ಡ್ ಆವೃತ್ತಿಯನ್ನು ಉದ್ದೇಶಿಸಿರಬೇಕೆಂಬ ಮಿತಿ ಒಂದು ಮೆಟ್ಟಿಲು ಏರುತ್ತದೆ: 2025ರಲ್ಲಿ ಹೊಸ ಆ್ಯಪ್‌ಗಳಿಗೂ ನವೀಕರಣಗಳಿಗೂ ಅದು ಆಂಡ್ರಾಯ್ಡ್ 15, ಹಳೆಯ ಆ್ಯಪ್‌ಗಳು ಆಂಡ್ರಾಯ್ಡ್ 14ನ್ನಾದರೂ ಉದ್ದೇಶಿಸದಿದ್ದರೆ ಹೊಸ ಮೊಬೈಲು ಕೊಂಡವರಿಗೆ ಅಂಗಡಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. 2025ರ ನವೆಂಬರಿನಿಂದ ಮೆಮೊರಿಯನ್ನು 16 ಕಿಲೋಬೈಟಿನ ಪುಟಗಳಾಗಿ ಬಳಸುವ ಮೊಬೈಲುಗಳಿಗೂ ಆ್ಯಪ್ ಹೊಂದಬೇಕೆಂಬ ನಿಯಮ ಬಂದಿದೆ. ಇದಕ್ಕಾಗಿ ನಮ್ಮ ಕೋಡಿನಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲದಿದ್ದರೂ ಎಂಜಿನ್ನಿನ ಹೊಸ ಆವೃತ್ತಿಯಿಂದ ಮರಳಿ ಕಟ್ಟಲೇಬೇಕಾಗುತ್ತದೆ. ಬೇಸಗೆಯ ರಜೆಯಲ್ಲಿಯೇ ಈ ಕೆಲಸಕ್ಕೆ ಒಂದು ವಾರವನ್ನು ಮೀಸಲಿಟ್ಟವರು ಆಗಸ್ಟಿನಲ್ಲಿ ಪರದಾಡಬೇಕಾಗಿಲ್ಲ.

ನವೀಕರಣದಲ್ಲಿ ಅತ್ಯಂತ ಸೂಕ್ಷ್ಮವಾದದ್ದು ನಡುವೆ ನಿಂತಿರುವ ಆಟಗಳ ಗತಿ. ಪುಣೆಯ ಮಗನೂ ಸಾಸ್ತೂರದ ತಾಯಿಯೂ ವಾರದಿಂದ ಆಡುತ್ತಿರುವ ಆಟದ ಮಧ್ಯದಲ್ಲಿ ಹೊಸ ಆವೃತ್ತಿ ಬಂದು ನಿಯಮವೊಂದನ್ನು ತಿದ್ದಿದರೆ, ನಿನ್ನೆ ಸುರಕ್ಷಿತವಾಗಿದ್ದ ಕಾಯಿ ಇಂದು ಕಡಿತಕ್ಕೆ ಗುರಿಯಾದೀತು. ಆದಕಾರಣ ಪ್ರತಿಯೊಂದು ಆಟದೊಡನೆಯೂ ಅದು ಯಾವ ನಿಯಮಾವೃತ್ತಿಯಲ್ಲಿ ಆರಂಭವಾಯಿತೆಂಬ ಸಂಖ್ಯೆಯನ್ನು ಬರೆದಿಟ್ಟು, ಹಳೆಯ ಆಟ ಹಳೆಯ ನಿಯಮದಲ್ಲಿಯೇ ಮುಗಿಯುವಂತೆ ನೋಡಿಕೊಳ್ಳತಕ್ಕದ್ದು. ಹೊಸ ಆವೃತ್ತಿಯನ್ನು ಎಲ್ಲರಿಗೂ ಒಮ್ಮೆಲೇ ಬಿಡದೆ ಮೊದಲು ನೂರರಲ್ಲಿ ಐದು ಮಂದಿಗೆ ಬಿಟ್ಟು, ಕೆಲವು ದಿನ ನೋಡಿ, ಮೇಲೆ ವಿಸ್ತರಿಸುವ ಸೌಲಭ್ಯ ಪ್ಲೇಯಲ್ಲಿದೆ. ಆವೃತ್ತಿಯ ಟಿಪ್ಪಣಿಯಲ್ಲಿ ದೋಷನಿವಾರಣೆ ಎಂದಷ್ಟೇ ಬರೆಯುವ ಅಭ್ಯಾಸ ಅಸಡ್ಡೆಯದು. ಏನು ಬದಲಾಯಿತೆಂಬುದನ್ನು ಅಜ್ಜಿಗೆ ಓದಿ ಹೇಳಿದರೆ ತಿಳಿಯುವ ಕನ್ನಡದಲ್ಲಿ ಬರೆಯುವುದು ಆಡುವವರಿಗೆ ಸಲ್ಲಿಸಬೇಕಾದ ಗೌರವ.

ಹಣದ ವಿಷಯದಲ್ಲಿ ನಾನು ದಾಕ್ಷಿಣ್ಯವಿಲ್ಲದೆ ಹೇಳುತ್ತೇನೆ: ಪಣವನ್ನು ಒಡ್ಡುವ ಯಾವ ಏರ್ಪಾಡನ್ನೂ ಇದರಲ್ಲಿ ಸೇರಿಸಕೂಡದು. ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಅಂಗೀಕಾರವಾದ ಆನ್‌ಲೈನ್ ಗೇಮಿಂಗ್ ಕಾಯಿದೆ ನಿಷೇಧಿಸಿದೆ. ಕಾಯಿದೆಯಿಲ್ಲದಿದ್ದರೂ ಮಕ್ಕಳು, ಮುದುಕರು ಕೂಡಿ ಆಡುವ ಆಟದಲ್ಲಿ ಅದಕ್ಕೆ ಸ್ಥಳವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಗೆ ಪಾಲಕರ ಸಮ್ಮತಿಯನ್ನು ವಿಧಿಸಿ, ಅವರನ್ನು ಗುರಿಯಾಗಿಟ್ಟ ಜಾಹೀರಾತನ್ನು ತಡೆಯುತ್ತದೆ. ಹೆಸರು, ಫೋನ್ ಸಂಖ್ಯೆ, ಸ್ಥಳ ಯಾವುದನ್ನೂ ಕೇಳದ ಆ್ಯಪ್‌ಗೆ ಈ ಚಿಂತೆಗಳು ಬಹುಮಟ್ಟಿಗೆ ಇಲ್ಲ. ದೂರದಾಟಕ್ಕೆ ಆರು ಅಂಕೆಗಳ ಒಂದು ಸಂಕೇತವನ್ನು ಬಂಧುಗಳು ಫೋನಿನಲ್ಲಿ ಪರಸ್ಪರ ಹೇಳಿಕೊಂಡರೆ ಸಾಕು.

ಕೊನೆಯದಾಗಿ ಕೀಲಿಯ ಮಾತು. ಆ್ಯಪ್‌ಗೆ ಸಹಿ ಹಾಕುವ ಕೀಲಿಕಡತವೂ ಅದರ ಗುಪ್ತಪದವೂ ಕಳೆದರೆ ಅದೇ ಆ್ಯಪ್‌ನ ನವೀಕರಣವನ್ನು ಹೊರತರುವುದು ಅಸಾಧ್ಯವಾಗಬಹುದು. ಪ್ಲೇಯ ಸಹಿ ವ್ಯವಸ್ಥೆಯಲ್ಲಿ ಮೂಲ ಕೀಲಿ ಗೂಗಲ್ಲಿನ ವಶದಲ್ಲಿದ್ದು, ನಮ್ಮ ಬಳಿಯ ಕೀಲಿ ಕಳೆದರೂ ಬೇರೊಂದನ್ನು ಕೇಳಿ ಪಡೆಯಲು ಮಾರ್ಗವಿದೆ; ಹೊಸ ಆ್ಯಪ್‌ಗಳಿಗೆ ಆ ವ್ಯವಸ್ಥೆ ಕಡ್ಡಾಯವೇ ಆಗಿದೆ. ಖಾತೆಯ ಪ್ರವೇಶ ಒಬ್ಬನ ಕೈಯಲ್ಲಿಯೇ ಇರದೆ ನಂಬುಗೆಯ ಇನ್ನೊಬ್ಬರಿಗೂ ಇರಲಿ, ಕೋಡು ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ದೊರೆಯಲಿ. ಆ್ಯಪ್ ಮಾಡಿದವನು ನೌಕರಿ, ಸಂಸಾರಗಳ ಭಾರದಲ್ಲಿ ಅದನ್ನು ಮುಂದುವರಿಸಲಾರದೆ ಹೋದ ವರ್ಷ, ಆಗಸ್ಟಿಗೆ ಮುನ್ನ ಅದನ್ನು ಎತ್ತಿಕೊಳ್ಳಬಲ್ಲ ಮತ್ತೊಬ್ಬನ ಹೆಸರು ಮೊದಲ ಆವೃತ್ತಿ ಹೊರಬರುವ ದಿನವೇ ಗೊತ್ತಾಗಿರಬೇಕು.